ಹುರುಳಿ ತುಳಿಯದ ಗಾಡಿ

ಡ್ರೈವರ್ ಓಡಿಸದ ಗಾಡಿ ಮೊದಲನೇ ದಿನ ನನ್ನ ಮುಂದೆ ಹಾದು ಹೋದಾಗ ನನಗೆ ಆದದ್ದು ಆಶ್ಚರ್ಯವಲ್ಲ, ಅವಮಾನ. ನಮ್ಮ ಹಟ್ಟಿಯ ಎದುರಿನ ಬೇವಿನ ಮರದ ಕೆಳಗೆ ನಿಂತು ಕೈ ಒಡ್ಡಿದ್ದೆ. ಅದು ದೂರದಲ್ಲಿ ಕಂಡಾಗ ಒಂದು ಕೈ, ಹತ್ತಿರ ಬಂದಾಗ ಬುತ್ತಿ ಚೀಲ ನೆಲಕ್ಕಿಟ್ಟು ಎರಡೂ ಕೈ. ಅದು ಸದ್ದಿಲ್ಲದೆ, ನುಣ್ಣಗೆ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೋಗಿಬಿಟ್ಟಿತು. ನಿಲ್ಲಿಸದೆ ಹೋದ ಬಸ್ಸುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ನಿಲ್ಲಿಸದ ಡ್ರೈವರ್ ಕೂಡ ಒಂದು ಸಲ ನಮ್ಮ ಮುಖ ನೋಡುತ್ತಾನೆ. ಹಿಂದೆ ಇನ್ನೊಂದು ಬಸ್ ಬರ್ತಾ ಐತೆ ಅಂತ ಕೈ ತಿರುಗಿಸಿ ಸುಳ್ಳು ಹೇಳುತ್ತಾನೆ. ಸುಳ್ಳು ಹೇಳಲಿಕ್ಕಾದರೂ ನಮ್ಮನ್ನು ಮನುಷ್ಯರು ಅಂದುಕೊಂಡಿರಬೇಕಲ್ಲ! "ನಿನ್ನ ಮನೆ ಹಾಳಾಗ!" ಎಂದು ಕೂಗಿದೆ. ಕೂಗಿದ ಮೇಲೆ ಯಾರ ಮನೆ ಎಂದು ಹೊಳೆಯಲಿಲ್ಲ. ಸ್ಟೀರಿಂಗ್ ಹಿಂದೆ ಒಬ್ಬಳು ಹುಡುಗಿ ಕೈ ಕಟ್ಟಿಕೊಂಡು ಕೂತಿದ್ದಳು. ಅವಳೂ ಮುಂದಕ್ಕೇ ನೋಡುತ್ತಿದ್ದಳು.

ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಬರಲು ಆ ದಿನ ಕಾರಣವೂ ಇತ್ತು.

ನಾನು ಮೊಳಕಾಲ್ಮೂರಿನ ಒಂದು ಸೀರೆ ಅಂಗಡಿಯಲ್ಲಿ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವವಳು. ಮದುವೆ ಸೀರೆ ಬಂತೆಂದರೆ ಅಂಗಡಿಯವರು ಬೇರೆ ಯಾರ ಕೈಗೂ ಕೊಡುವುದಿಲ್ಲ, ನನ್ನ ಮುಂದೆಯೇ ತಂದು ಹಾಸುತ್ತಾರೆ. ನಮ್ಮ ಹಟ್ಟಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ರಸ್ತೆಗೆ ಅಂಟಿಕೊಂಡೇ ಇದೆ. ಮನೆಗಳು ಕಡಿಮೆ, ಕುರಿಗಳು ಜಾಸ್ತಿ. ಬೋರ್ಡಿಲ್ಲ, ತಂಗುದಾಣವಿಲ್ಲ, ಯಾವ ಟಿಕೆಟ್ಟಿನ ಮೇಲೂ ನಮ್ಮ ಹಟ್ಟಿಯ ಹೆಸರಿಲ್ಲ. ಆದರೂ ಒಂದು ಹಳೇ ಖಾಸಗಿ ಬಸ್ಸು ಬೆಳಿಗ್ಗೆ ನಮ್ಮ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು, ಏಕೆಂದರೆ ಅದರ ಡ್ರೈವರಿಗೆ ನಾನು ಗೊತ್ತು, ನನ್ನ ಬಾಯಿ ಇನ್ನೂ ಚೆನ್ನಾಗಿ ಗೊತ್ತು. ತಿರುವಿನಲ್ಲೇ ಹಾರ್ನ್ ಹೊಡೆಯುತ್ತಿದ್ದ. ನಾನು ಜಡೆ ಹೆಣೆದುಕೊಳ್ಳುತ್ತಾ ಓಡಿ ಬರುತ್ತಿದ್ದರೆ ಕಾಯುತ್ತಿದ್ದ. ಆ ಬಸ್ಸನ್ನು ಮಾಲೀಕರು ಬೇರೆ ದಾರಿಗೆ ಹಾಕಿದರು. ಉಳಿದ ಬಸ್ಸುಗಳೆಲ್ಲ ಮುಂದಿನ ದೊಡ್ಡ ಊರಿನವರೆಗೆ ಉಸಿರು ಬಿಡದೆ ಓಡುವಂಥವು.

ನಮ್ಮನೆಯವರು ದುಡಿಯುವುದು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ. ಅವರ ಬೈಕು ಆ ಕಡೆಗೆ, ನನ್ನ ಕೆಲಸ ಈ ಕಡೆಗೆ. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. "ಮೊಳಕಾಲ್ಮೂರ್ನಾಗೆ ಬಾಡಿಗೆ ಮನೆ ಮಾಡಾನ. ನೀನು ನಡ್ಕೊಂಡು ಹೋಗಿ ಬರಬಹುದು. ನಾನು ಹೆಂಗೋ ಓಡಾಡ್ತೀನಿ" ಎಂದರು. ಅತ್ತೆಯ ಕಡೆ ನೋಡಿದೆ. ಅತ್ತೆ ಕುರಿಗೆ ಮೇವು ಹಾಕುತ್ತಿದ್ದಳು. ಅವಳ ಮನೆಯಲ್ಲಿ ಮೊದಲ ಊಟ ಕುರಿಗೆ, ಆಮೇಲೆ ಮಗನಿಗೆ, ಆಮೇಲೆ ಉಳಿದರೆ ನನಗೆ. ಮದುವೆಯಾದಾಗಿನಿಂದ ಈ ಸರದಿ ಬದಲಾಗಿಲ್ಲ.

"ಹೋಗ್ರಿ. ನನಗೇನು, ನನ್ನ ಕುರಿ ಅದಾವೆ" ಎಂದಳು ತಲೆ ಎತ್ತದೆ.

ನನಗೆ ಉರಿದುಹೋಯಿತು. ಕೆಲಸ ಬಿಟ್ಟು ಮನೆಯಲ್ಲಿರು ಎಂದಿದ್ದರೆ ಜಗಳವಾಡಬಹುದಿತ್ತು. ಹೋಗಬೇಡ ಎಂದಿದ್ದರೆ ಒಳಗೊಳಗೇ ಖುಷಿಪಡಬಹುದಿತ್ತು. ಎರಡನ್ನೂ ಹೇಳದೆ ಕುರಿ ತೋರಿಸಿದಳಲ್ಲ! ನಿಜ ಹೇಳಬೇಕೆಂದರೆ ನನಗೆ ಹಟ್ಟಿ ಬಿಟ್ಟು ಹೋಗಲು ಇಷ್ಟವಿರಲಿಲ್ಲ. ದಿನಾ ಕಿತ್ತಾಡಿದರೂ ಸಂಜೆ ಬಂದು ಚೀಲ ಇಳಿಸಿದ ಕೂಡಲೇ ಬಯ್ಯಲು ಅತ್ತೆ ಇಲ್ಲದ ಮನೆಯನ್ನು ಊಹಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಕುಚ್ಚಿನ ಕೆಲಸ ಬಿಡಲೂ ಆಗುತ್ತಿರಲಿಲ್ಲ. ಈ ಎರಡೂ ಉಳಿಯಬೇಕಾದರೆ ಯಾವುದಾದರೊಂದು ಗಾಡಿ ಆ ಬೇವಿನ ಮರದ ಕೆಳಗೆ ನಿಲ್ಲಬೇಕಿತ್ತು. ಅಷ್ಟೇ ನಮ್ಮ ಸಂಸಾರದ ಸಮಸ್ಯೆ.

ಆಗ ಬಂದದ್ದು ಈ ಗಾಡಿ. ಬಿಳಿ ಬಣ್ಣದ ಚಿಕ್ಕ ಬಸ್ಸು, ನೆತ್ತಿಯ ಮೇಲೆ ಗಿರಗಿರ ತಿರುಗುವ ಒಂದು ಡಬ್ಬಿ. ಒಂದು ಕಂಪನಿಯವರು ಚಳ್ಳಕೆರೆ ಮೊಳಕಾಲ್ಮೂರಿನ ನಡುವೆ ಅದನ್ನು ಪ್ರಯೋಗಕ್ಕೆ ಬಿಟ್ಟಿದ್ದರು. ಜನ ಮೊದಲು ಅದು ವರವು ಕಾವಲ್ ಕಡೆಯಿಂದ ತಪ್ಪಿಸಿಕೊಂಡು ಬಂದದ್ದು ಅಂದುಕೊಂಡರು. ಆ ಕಡೆ ಆಕಾಶದಲ್ಲಿ ಏನೇನೋ ಹಾರಿಸಿ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಒಂದು ನೆಲಕ್ಕಿಳಿದು ರಸ್ತೆ ಹಿಡಿದಿದೆ ಎಂದು ನಮ್ಮ ಪಕ್ಕದ ಮನೆಯವನು ಆಣೆ ಮಾಡಿ ಹೇಳುತ್ತಿದ್ದ. ಅತ್ತೆ ಅದನ್ನು ನೋಡಿ, "ತಲೆ ಮೇಲೆ ಸೇರು ಬೋರಲು ಹಾಕ್ಕೊಂಡೈತೆ. ಒಳಗೆ ಒಬ್ಬಳು ಸುಮ್ನೆ ಕೈ ಕಟ್ಕೊಂಡು ಕೂತವಳೆ. ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿದಳು. ಕೊಡ್ತಾರಂತೆ ಎಂದೆ. ಅತ್ತೆ ಬಹಳ ಹೊತ್ತು ಯೋಚನೆ ಮಾಡಿದಳು. "ನಿನ್ನ ಗಂಡನ್ನ ಅಲ್ಲಿಗೆ ಸೇರಿಸು" ಎಂದಳು.

ಆ ಗಾಡಿ ಗೊತ್ತಾದ ಕಡೆ ಮಾತ್ರ ನಿಲ್ಲುತ್ತಿತ್ತು. ಕೈ ಒಡ್ಡಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಮೊದಲ ದಿನ ನನಗೆ ಅವಮಾನ, ಎರಡನೇ ದಿನ ಅವಮಾನ. ಮೂರನೇ ದಿನ ನಾನು ಕೈ ಒಡ್ಡಲೂ ಇಲ್ಲ, ಮುಖ ತಿರುಗಿಸಿ ನಿಂತೆ. ಅದಕ್ಕೇನು, ಅದು ಅದನ್ನೂ ನೋಡಲಿಲ್ಲ.

ಅಷ್ಟರಲ್ಲಿ ಹುರುಳಿ ಒಕ್ಕಣೆ ಬಂತು. ನಮ್ಮ ಕಡೆ ಹುರುಳಿ ಒಕ್ಕುವುದು ಹೇಗೆಂದು ತಿಳಿಯದವರಿಗೆ ಹೇಳಬೇಕು. ಗಿಡ ಕಿತ್ತು ಒಣಗಿಸಿ, ತಂದು ಟಾರು ರಸ್ತೆಯ ಅರ್ಧ ಭಾಗಕ್ಕೆ ಹಾಸಿಬಿಡುತ್ತೇವೆ. ಲಾರಿ, ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಹತ್ತಿ ಇಳಿದು ಹೋಗುತ್ತಿದ್ದರೆ ಕಾಯಿ ಒಡೆದು ಕಾಳು ಉದುರುತ್ತದೆ. ಸಂಜೆ ಗುಡಿಸಿ, ತೂರಿ, ಕಾಳು ಮನೆಗೆ, ಹೊಟ್ಟು ಕುರಿಗೆ. ರಸ್ತೆಗೆ ಬೆಳೆ ಹಾಕಬಾರದು ಎಂದು ಕಾನೂನಿದೆ. ವರ್ಷಕ್ಕೊಂದು ಸಲ ಪೊಲೀಸರು ಬಂದು ಹೇಳಿ ಹೋಗುತ್ತಾರೆ, ನಾವು ಹೂಂ ಅನ್ನುತ್ತೇವೆ. ಬೈಕಿನವರು ಬೈದುಕೊಂಡು ಸುತ್ತು ಹಾಕಿ ಹೋಗುತ್ತಾರೆ, ಅವರು ಬೈಯುವುದೂ ಸರಿಯೇ. ಆದರೆ ಅತ್ತೆಯ ಲೆಕ್ಕದಲ್ಲಿ ಲೋಕದ ಡ್ರೈವರುಗಳೆಲ್ಲ ಎರಡೇ ಜಾತಿ. ಎಡಗಡೆ ಚಕ್ರವನ್ನು ಬೇಕೆಂದೇ ಹುರುಳಿಯ ಮೇಲೆ ಹಾಯಿಸಿ ಹೋಗುವವನು ದೇವರಂಥವನು. ತಪ್ಪಿಸಿಕೊಂಡು ಹೋಗುವವನು ಅವ್ವನ ಮಾತು ಕೇಳದವನು.

ಆ ಬೆಳಿಗ್ಗೆ ಇಡೀ ಹಟ್ಟಿಯ ಹುರುಳಿ ರಸ್ತೆ ಮೇಲಿತ್ತು. ಬೇವಿನ ಮರದ ಎದುರಿನ ಪಾಲು ನಮ್ಮದು. ಬಿಳಿ ಗಾಡಿ ಬಂತು. ಹುರುಳಿ ಕಂಡಿತು. ನಿಂತುಬಿಟ್ಟಿತು.

"ಮುಂದೆ ಅಡಚಣೆ ಇದೆ. ದಯವಿಟ್ಟು ಕಾಯಿರಿ" ಎಂದು ಒಂದು ಹೆಣ್ಣು ದನಿ ಗಾಡಿಯೊಳಗಿಂದ ಪುಸ್ತಕ ಓದಿದಂತೆ ಹೇಳಿತು.

ಅತ್ತೆ ಕೋಲು ಹಿಡಿದುಕೊಂಡೇ ಮುಂದೆ ಬಂದಳು. "ಅಡಚಣೆ ಅಂತೆ! ನನ್ನ ಹುರುಳಿ ಇದಕ್ಕೆ ಅಡಚಣೆ ಅಂತೆ! ಹತ್ಸೇ, ಮೇಲೆ ಹತ್ಸು!"

"ದಯವಿಟ್ಟು ಕಾಯಿರಿ."

"ನಾನ್ಯಾಕೆ ಕಾಯ್ಲಿ? ನನ್ನ ರಸ್ತೇಲಿ ನಾನು ನಿಂತೀನಿ. ಕಾಯ್ತಿರಾದು ನೀನು!"

ಹಟ್ಟಿಯ ಗಂಡಸರೆಲ್ಲ ಸೇರಿದರು. ಪಕ್ಕದ ಮನೆಯವನು ಸೊಂಟಕ್ಕೆ ಕೈ ಇಟ್ಟುಕೊಂಡು, "ಲೇ, ಹುರುಳಿ ತುಳಿಯಾಕೆ ಹೆದರಾ ಗಾಡಿ ಒಂದು ಗಾಡಿ ಏನ್ಲೇ?" ಎಂದ. ಇನ್ನೊಬ್ಬ ಗಾಡಿಯ ಹಿಂದೆ ಹೋಗಿ, ಎತ್ತನ್ನು ಎಬ್ಬಿಸುವಂತೆ ಹಿಂಭಾಗಕ್ಕೆ ಎರಡು ತಟ್ಟಿ ನೋಡಿದ. ಗಾಡಿ ಮಿಸುಕಲಿಲ್ಲ. ಎದುರು ಬದಿಯಲ್ಲಿ ರಸ್ತೆ ಖಾಲಿ ಇತ್ತು, ಆದರೆ ನಡುವಿನ ಗೆರೆ ದಾಟಲು ಅದಕ್ಕೆ ಅಪ್ಪಣೆ ಇರಲಿಲ್ಲ. ಈ ಭಾಗದಲ್ಲಿ ಆ ಗೆರೆಗೆ ಬೆಲೆ ಕೊಟ್ಟ ಮೊದಲ ವಾಹನ ಅದೇ ಇರಬೇಕು.

ಕೊನೆಗೆ ಬಾಗಿಲು ತೆರೆದು ಕೈ ಕಟ್ಟಿ ಕೂರುವ ಹುಡುಗಿ ಕೆಳಗಿಳಿದಳು. ಕಂಪನಿಯ ಇಂಜಿನಿಯರು, ಕರಾವಳಿ ಕಡೆಯವಳು. ಮುಖದಲ್ಲಿ ಬೆವರು. "ಅಮ್ಮ, ಇದನ್ನು ಸ್ವಲ್ಪ ಬದಿಗೆ ತೆಗೀತೀರಾ?" ಎಂದು ಕೇಳಿದಳು.

"ತೆಗಿಯಾಕೆ ಹಾಕಿದೀನಾ? ನೀನು ಹತ್ಸು ತಾಯಿ, ನನ್ನ ಅರ್ಧ ಕೆಲ್ಸ ಮುಗೀತೈತೆ."

"ಅದು ಹತ್ತುವುದಿಲ್ಲ ಅಮ್ಮ. ಅದಕ್ಕೆ ಇದು ಏನು ಅಂತ ಗೊತ್ತಿಲ್ಲ."

"ಹುರುಳಿ ಗೊತ್ತಿಲ್ವಾ!" ಅತ್ತೆಗೆ ನಿಜವಾಗಿ ಅಯ್ಯೋ ಅನ್ನಿಸಿತು. "ಎಂಥ ಮನೇಲಿ ಬೆಳೀತವ್ವಾ ಇದು?"

ಇಷ್ಟೆಲ್ಲ ಆಗುವಾಗ ನಾನು ನೋಡಿದ್ದು ಒಂದೇ, ಬಾಗಿಲು ತೆರೆದಿದೆ. ಬುತ್ತಿ ಚೀಲ ಎತ್ತಿಕೊಂಡು ಹತ್ತಿ ಕಿಟಕಿ ಪಕ್ಕ ಕೂತುಬಿಟ್ಟೆ. ಹುಡುಗಿ ಓಡಿ ಬಂದಳು. "ಅಕ್ಕ, ಇಲ್ಲಿ ಸ್ಟಾಪ್ ಇಲ್ಲ!"

"ಸ್ಟಾಪ್ ಇಲ್ದಿದ್ರೆ ಗಾಡಿ ಯಾಕೆ ನಿಂತೈತೆ?"

"ಅದು ಅಡಚಣೆಗೆ ನಿಂತದ್ದು."

"ಯಾವ್ದಕ್ಕಾದ್ರೂ ನಿಂತಿರ್ಲಿ. ನಿಂತೈತಾ ಇಲ್ವಾ? ನಾನು ಹತ್ತಿದೀನಾ ಇಲ್ವಾ?"

 ಅವಳು ಯಾರಿಗೋ ಫೋನ್ ಮಾಡಿ ಅಪ್ಪಣೆ ತೆಗೆದುಕೊಂಡು, ತಾನೇ ಸ್ಟೀರಿಂಗ್ ಹಿಡಿದು ಹುರುಳಿಯನ್ನು ಸುತ್ತು ಹಾಕಿ ಮುಂದೆ ತಂದಳು. ಅತ್ತೆ ಹಿಂದಿನಿಂದ ಕೋಲು ಎತ್ತಿ ಬೈಯುತ್ತಿದ್ದಳು, ಸುತ್ತು ಹಾಕಿದ್ದಕ್ಕೆ.

ಹುರುಳಿ ಇದ್ದಷ್ಟು ದಿನ ನನಗೆ ಗಾಡಿ ಸಿಕ್ಕಿತು. ದಿನಾ ಬರುವುದು, ಹುರುಳಿ ಕಂಡು ನಿಲ್ಲುವುದು, ಬಾಗಿಲು ತೆರೆಯುವುದು, ನಾನು ಹತ್ತುವುದು. ಸಂಜೆ ಹಿಂದಿರುಗುವಾಗ, ಸ್ವಲ್ಪ ಆಚೆಗೆ ಎದುರು ಬದಿಯಲ್ಲಿ ಹಾಸಿದ ಅಕ್ಕಪಕ್ಕದವರ ಹುರುಳಿ ನನ್ನನ್ನು ಇಳಿಸುತ್ತಿತ್ತು. ಒಳಗಿನ ತಮಾಷೆ ಬೇರೆ. ರಾಂಪುರದ ಒಬ್ಬ ಹಿರಿಯರು ದಿನಾ ಮುಂದಿನ ಸೀಟಿನಲ್ಲೇ ಕೂತು ಖಾಲಿ ಗಾಳಿಗೆ ಬುದ್ಧಿ ಹೇಳುತ್ತಿದ್ದರು. "ನಿಧಾನ ಕಣಪ್ಪ, ಮುಂದೆ ಹಳ್ಳ ಐತೆ. ಹಾಂ, ಹಂಗೆ." ಗಾಡಿ ತನ್ನಷ್ಟಕ್ಕೆ ನಿಧಾನವಾದರೂ ತಾನು ಹೇಳಿದ್ದಕ್ಕೇ ಆಯಿತು ಎಂದು ನಮ್ಮ ಕಡೆ ತಿರುಗಿ ನೋಡುತ್ತಿದ್ದರು. ದೇವಸಮುದ್ರದ ಹೆಂಗಸೊಬ್ಬಳು ಹತ್ತಿದ ಕೂಡಲೇ ಡ್ರೈವರ್ ಜಾಗಕ್ಕೆ ಕೈ ಮುಗಿದು, "ಏಮ್ ಬಂಡಿ ರಾ ಇದಿ, ಮನಿಷೇ ಲೇಡು!" ಎಂದು, ಮನುಷ್ಯನೇ ಇಲ್ಲದ ಇದೆಂಥ ಗಾಡಿ ಅಂತ ತೆಲುಗಿನಲ್ಲಿ ಗಾಬರಿಯಾಗಿ, ಇಳಿಯುವಾಗ ಕನ್ನಡದಲ್ಲಿ "ಬರ್ತೀನಪ್ಪ" ಎಂದು ಗಾಡಿಗೇ ಹೇಳಿ ಹೋದಳು. ಕುರಿ ಮಂದೆ ಅಡ್ಡ ಬಂದರಂತೂ ಮುಗಿಯಿತು. ಗಾಡಿ ಕುರಿಗಳಿಗೆ ಕಾಯುವುದು, ಇಷ್ಟು ಮರ್ಯಾದೆ ಎಂದೂ ಕಾಣದ ಕುರಿಗಳು ಗಾಡಿಗೆ ಕಾಯುವುದು. ಒಂದು ಟಗರು ಬಂಪರಿಗೆ ಬೆನ್ನು ಉಜ್ಜಿಕೊಳ್ಳುತ್ತಾ ನಿಂತೇಬಿಟ್ಟಿತು. "ಎಂತ ಮಾಡುವುದು ಮಾರಾಯ್ರೆ ಇವಕ್ಕೆ?" ಎಂದು ಇಂಜಿನಿಯರು ಹುಡುಗಿ ನನ್ನನ್ನು ಕೇಳಿದಳು. ನಾನು ಇಳಿದು ಹೋಗಿ ಒಂದು ಬೈಗುಳ ಬೈದು ಬಂದೆ. ಅಂದಿನಿಂದ ಅವಳಿಗೆ ನಾನೆಂದರೆ ಇಷ್ಟ.

ಅವಳೇ ಹೇಳಿದ್ದು, ಮೊಳಕಾಲ್ಮೂರಿನಲ್ಲಿ ಒಂದು ಸಭೆ ಇದೆ, ಪ್ರಯಾಣಿಕರೆಲ್ಲ ಬಂದು ಅಭಿಪ್ರಾಯ ಹೇಳಬಹುದು ಎಂದು. ಅಭಿಪ್ರಾಯ ಹೇಳು ಅಂದರೆ ನಾನು ಬಿಡುತ್ತೇನೆಯೇ? ಅರ್ಧ ಕಟ್ಟಿದ ಕುಚ್ಚು ಬಿಟ್ಟು ಹೋದೆ.

ಕಂಪನಿಯ ದೊಡ್ಡ ಸಾಹೇಬರು ಗೋಡೆಗೆ ಬೆಳಕು ಬಿಟ್ಟು ಚಿತ್ರ ತೋರಿಸಿದರು. ನಾಳೆಯ ಪಟ್ಟಣ ಅಂತೆ. ಯಾರೂ ಸ್ವಂತ ಗಾಡಿ ಇಟ್ಟುಕೊಳ್ಳುವುದಿಲ್ಲ. ಫೋನ್ ಒತ್ತಿದರೆ ಗಾಡಿ ತಾನೇ ಬಾಗಿಲಿಗೆ ಬರುತ್ತದೆ, ಬಿಟ್ಟು ತಾನೇ ಹೋಗುತ್ತದೆ. ಗಾಡಿ ನಿಲ್ಲಿಸಲು ಜಾಗ ಬೇಡ, ಹಾಗಾಗಿ ರಸ್ತೆ ಬದಿಗೆ ಅಗಲವಾದ ಕಾಲುದಾರಿ, ಮರ, ಕೂರಲು ಬೆಂಚು. ಇದು ನನಗೆ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ. ಅಂಗಡಿಗೆ ನಡೆದು ಹೋಗುವಾಗ ಬೈಕುಗಳ ನಡುವೆ ಸೊಂಟ ತಿರುಚಿಕೊಂಡು ನುಸುಳುವ ಕಷ್ಟ ನನಗೆ ಗೊತ್ತು. ಆಮೇಲೆ ಅವರು, "ಬಸ್ ನಿಲ್ದಾಣವೇ ಬೇಕಾಗುವುದಿಲ್ಲ. ಆ ಜಾಗದಲ್ಲಿ ಉದ್ಯಾನ ಮಾಡಬಹುದು" ಎಂದರು.

ಸಭೆಯಲ್ಲಿ ಗದ್ದಲವೆದ್ದಿತು. "ಬಸ್ ಸ್ಟ್ಯಾಂಡ್ ತೆಗೆದ್ರೆ ಮಂಡಕ್ಕಿ ಮೆಣಸಿನಕಾಯಿ ಎಲ್ಲಿ ತಿನ್ನಾದು ಸ್ವಾಮಿ?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ಮನೆಯಲ್ಲಿ ತಿನ್ನಬಹುದಲ್ಲ?"

ಜನ ಅವರನ್ನು ಕರುಣೆಯಿಂದ ನೋಡಿದರು. ಮೆಣಸಿನಕಾಯಿ ಬಜ್ಜಿಯನ್ನು ಮನೆಯಲ್ಲಿ ತಿನ್ನುವ ಮನುಷ್ಯನಿಗೆ ಏನು ಹೇಳುವುದು? ರಾಂಪುರದ ಹಿರಿಯರು ಎದ್ದು ನಿಂತು, "ಬಾಗ್ಲಿಗೇ ಗಾಡಿ ಬಂದ್ರೆ ಜನ ಕಾಯಾದೇ ಇಲ್ಲ. ಕಾಯ್ದಿದ್ರೆ ಮಾತಾಡಾದು ಯಾವಾಗ? ಹೆಣ್ಣು ಗಂಡು ನೋಡಾದು ಎಲ್ಲಿ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ನನ್ನ ಮದುವೆ ಗೊತ್ತಾದದ್ದು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿಯೇ. ಬಸ್ಸು ತಡವಾಗಿತ್ತು. ನಾನು ಕಂಡಕ್ಟರನ ಜೊತೆ ಜಗಳಕ್ಕೆ ನಿಂತಿದ್ದೆ. ಕಲ್ಲು ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸು ನನ್ನ ಜಗಳವನ್ನು ಕೊನೆವರೆಗೂ ಕೇಳಿ, ನಮ್ಮವ್ವನ ಹತ್ತಿರ ಹೋಗಿ, "ಈ ಹುಡುಗಿ ನಿಮಗೇನಾಗಬೇಕು?" ಎಂದು ವಿಚಾರಿಸಿದಳು. ಬಸ್ಸು ಬರುವಷ್ಟರಲ್ಲಿ ಮಾತುಕತೆ ಮುಗಿದಿತ್ತು. ಆ ಹೆಂಗಸೇ ನನ್ನ ಅತ್ತೆ. ಬಸ್ಸು ಸರಿಯಾದ ಹೊತ್ತಿಗೆ ಬಂದಿದ್ದರೆ ನಾನು ಈಗ ಎಲ್ಲಿರುತ್ತಿದ್ದೆನೋ.

ಕೊನೆಗೆ ನಾನು ಎದ್ದೆ. "ನಮ್ಮ ಹಟ್ಟಿ ತೋರಿಸ್ರಿ" ಎಂದೆ. ಗೋಡೆ ಮೇಲಿನ ನಕ್ಷೆಯಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ತನಕ ಕೆಂಪು ಚುಕ್ಕೆಗಳಿದ್ದವು. ನಮ್ಮ ಹಟ್ಟಿಯಿರುವ ಕಡೆ ಬರೀ ಗೆರೆ.

"ಮನೆಗಳು ಕಡಿಮೆ ಇರುವ ಕಡೆ ನಾವಾಗಿ ನಿಲ್ದಾಣ ಕೊಡುವುದಿಲ್ಲಮ್ಮ" ಎಂದರು ಸಾಹೇಬರು. "ಆದರೆ ಪ್ರಯೋಗ ಯುಗಾದಿ ತನಕ ಇದೆ. ಗಾಡಿ ಎಲ್ಲೆಲ್ಲಿ ನಿಲ್ಲುತ್ತೆ, ಎಲ್ಲಿ ಜನ ಹತ್ತುತ್ತಾರೆ ಅನ್ನೋದನ್ನು ಅದೇ ನೆನಪಿಟ್ಟುಕೊಳ್ಳುತ್ತೆ. ಅಲ್ಲಿ ತನಕ ಒಂದು ಜಾಗದಲ್ಲಿ ಬಿಡದೆ ಜನ ಹತ್ತಿದರೆ ಅದು ನಿಲ್ದಾಣ. ನಡುವೆ ನಿಂತುಹೋದರೆ ಇಲ್ಲ."

ಸಂಕ್ರಾಂತಿ ದಾಟುತ್ತಿದ್ದಂತೆ ಹುರುಳಿ ಒಕ್ಕಣೆ ಮುಗಿದುಹೋಗುತ್ತದೆ. ಯುಗಾದಿ ಎಲ್ಲಿ, ಸಂಕ್ರಾಂತಿ ಎಲ್ಲಿ! ಮನೆಗೆ ಬಂದು ಚೀಲ ಬಿಸಾಡಿ ಇಡೀ ಸಭೆಯನ್ನು ಒದರಿದೆ. ಸಾಹೇಬರನ್ನು ಬೈದೆ, ನಕ್ಷೆ ಬೈದೆ, ಚುಕ್ಕೆಗಳನ್ನೂ ಬೈದೆ. ಅತ್ತೆ ಕುರಿಗೆ ಹೊಟ್ಟು ಹಾಕುತ್ತಾ, "ಯುಗಾದಿ ತನಕ ನಿಂತ್ರೆ ಆಯ್ತಂತಾ?" ಎಂದು ಕೇಳಿದಳು.

"ನಿಂತ್ರೆ ಆಯ್ತು. ಆದ್ರೆ ಯಾಕೆ ನಿಂತೀತು ಅದು? ನಿನ್ನ ಮುಖ ನೋಡಾಕಾ?"

 ನಮ್ಮನೆಯವರು ಮೊಳಕಾಲ್ಮೂರಿನಲ್ಲಿ ಒಂದು ಮನೆ ನೋಡಿ ಬಂದಿದ್ದರು. ಒಳಗೇ ನಲ್ಲಿ ಇದೆಯಂತೆ. ಯುಗಾದಿ ಮುಗಿಸಿಕೊಂಡು ಹೋಗೋಣ ಎಂದರು. ನಾನು ಹೂಂ ಎಂದೆ, ಬೇರೆ ದಾರಿ ಇರಲಿಲ್ಲ. ಅಳು ಬಂದಂತಾಯಿತು, ಅದನ್ನೂ ಪಾತ್ರೆ ಕುಕ್ಕಿ ಮುಗಿಸಿದೆ.

ಸಂಕ್ರಾಂತಿ ಆಯಿತು. ಹಟ್ಟಿಯವರೆಲ್ಲ ಹುರುಳಿ ತೂರಿ ಮನೆ ತುಂಬಿಕೊಂಡರು. ರಸ್ತೆ ಖಾಲಿಯಾಯಿತು. ನಮ್ಮ ಪಾಲು ಮಾತ್ರ ಖಾಲಿಯಾಗಲಿಲ್ಲ. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಬೇವಿನ ಮರದ ಎದುರು ಒಂದು ಚಾಪೆಯಗಲ ಹಾಸಿರುತ್ತಿತ್ತು, ಸಂಜೆ ಅಷ್ಟನ್ನೇ ಎದುರು ಬದಿಗೆ. ಗಾಡಿ ನಿಲ್ಲುತ್ತಿತ್ತು, ನಾನು ಹತ್ತಿಳಿಯುತ್ತಿದ್ದೆ. ಅತ್ತೆಗೆ ವಯಸ್ಸಾಯಿತು, ಕೈ ನಿಧಾನ, ಇನ್ನೂ ಒಕ್ಕಿ ಮುಗಿದಿಲ್ಲ ಅಂದುಕೊಂಡೆ. ಹೇಗೋ ಇನ್ನೆರಡು ದಿನ ಗಾಡಿ ಸಿಕ್ಕಿತಲ್ಲ ಎಂದು ಸುಮ್ಮನಾದೆ. ಎರಡು ದಿನ ಹೋಗಿ ವಾರಗಳಾದವು. ಶಿವರಾತ್ರಿಯೂ ಕಳೆಯಿತು, ಹಟ್ಟಿಯವರು ನಗತೊಡಗಿದರು. "ನಿಮ್ಮತ್ತೆ ಒಂದೊಂದೇ ಕಾಯಿ ಸುಲೀತಾಳಾ ಹೆಂಗೆ?" ಎಂದು ಪಕ್ಕದ ಮನೆಯವನು ಕೇಳಿದ. ಬೈಕಿನಲ್ಲಿ ಬಂದ ಪೊಲೀಸಪ್ಪ ನಿಲ್ಲಿಸಿ, "ಅಜ್ಜೀ, ಊರಿಗೆಲ್ಲ ಮುಗೀತು, ನಿಂದೇನು ಇನ್ನೂ?" ಎಂದರೆ, "ಒಂದು ಮೊರ ಐತೆ ಸ್ವಾಮಿ, ನಾಳೆ ಮುಗೀತೈತೆ" ಎಂದು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ನನಗೆ ತಲೆ ಕೆಟ್ಟದ್ದು ಹೊಟ್ಟಿನಿಂದ. ರಸ್ತೆ ಮೇಲಿಂದ ಹಾರಿ ಬಂದು ನನ್ನ ಸೀರೆ, ತಲೆ, ಚೀಲ ಎಲ್ಲಕ್ಕೂ ಅಂಟುತ್ತಿತ್ತು. ಒಂದು ದಿನ ಮದುವೆ ಸೀರೆಯ ಕುಚ್ಚಿನೊಳಗೆ ಹುರುಳಿ ಹೊಟ್ಟು ಸಿಕ್ಕಿ, ಗಂಡಿನ ಕಡೆಯವರ ಮುಂದೆ ಅಂಗಡಿಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಮುಖ ನೋಡಿದರು. ನಾನು ಭೂಮಿಗಿಳಿದು ಹೋದೆ. ಮನೆಗೆ ಬಂದವಳೇ ಕೂಗಾಡಿದೆ. "ಎಷ್ಟು ದಿನ ಒಕ್ತೀಯಾ ಅತ್ತೆ? ಒಂದು ಬೊಗಸೆ ಹುರುಳಿಗೆ ನನ್ನ ಮಾನ ಕಳೀತೀಯಾ? ನಿನಗೆ ಕಾಳು ಮುಖ್ಯ, ಕುರಿ ಮುಖ್ಯ, ನಾವು ಬಿಟ್ಟು ಹೋಗ್ತೀವಿ ಅನ್ನಾದು ಮಾತ್ರ ಯಾವ ಲೆಕ್ಕಕ್ಕೂ ಇಲ್ಲ!"

"ಇನ್ನೂ ಕಾಳು ಐತೆ" ಎಂದಳು ಅಷ್ಟೇ.

ಆಮೇಲೆ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳೂ ಬಿಟ್ಟಳು. ನಮ್ಮನೆಯವರು ಇಬ್ಬರ ನಡುವೆ ಪೋಸ್ಟ್‌ಮ್ಯಾನ್ ಆದರು. "ಕುರಿ ಯಾಕೋ ಇಳಿದು ಹೋಗ್ಯಾವೆ, ಮೇವು ಸಾಲ್ತಿಲ್ವೇನೋ" ಎಂದು ಅವರೊಮ್ಮೆ ಹೇಳಿದರು. ಆ ಹೊತ್ತಿನಲ್ಲಿ ನನಗೆ ಕುರಿಯ ಸುದ್ದಿ ಬೇಕಿರಲಿಲ್ಲ.

ಯುಗಾದಿ ಹತ್ತಿರ ಬಂತು. ಹಬ್ಬಕ್ಕೆ ಮುಂಚೆ ಮನೆ ಸಾರಿಸಿ ಸುಣ್ಣ ಹೊಡೆಯಬೇಕು, ಇವಳ ಒಕ್ಕಣೆ ನಾನೇ ಮುಗಿಸಿ ಕೈ ತೊಳೆದುಕೊಳ್ಳುತ್ತೇನೆ ಎಂದು ಒಂದು ಬೆಳಿಗ್ಗೆ ಬೇಗ ಎದ್ದು ಮೊರ ಹಿಡಿದು ರಸ್ತೆಗೆ ಹೋದೆ. ಆಗಲೇ ಹಾಸಿತ್ತು. ಒಂದು ಮೊರ ತುಂಬಿಕೊಂಡು ಗಾಳಿಗೆ ತೂರಿದೆ. ಎಲ್ಲ ಹಾರಿಹೋಯಿತು. ಮೊರದಲ್ಲಿ ಏನೂ ಉಳಿಯಲಿಲ್ಲ. ಇನ್ನೊಂದು ಮೊರ ತುಂಬಿದೆ. ಅದೂ ಹಾರಿಹೋಯಿತು. ಕೂತು ಕೈಯಿಂದ ಕೆದಕಿದೆ. ಒಂದೇ ಒಂದು ಕಾಳಿರಲಿಲ್ಲ. ಎಲ್ಲ ಬರೀ ಹೊಟ್ಟು, ಎಂದೋ ತೂರಿ ಮುಗಿಸಿದ, ಕುರಿಗೆಂದು ಎತ್ತಿಟ್ಟಿದ್ದ ಹೊಟ್ಟು.

ತಲೆ ಎತ್ತಿದರೆ ಅತ್ತೆ ಬೇವಿನ ಮರದ ಹಿಂದೆ ಖಾಲಿ ಪುಟ್ಟಿ ಹಿಡಿದು ನಿಂತಿದ್ದಳು. ಹಿಂದೆ ದೊಡ್ಡಿಯಲ್ಲಿ ಕುರಿಗಳು ಬೇಲಿಗೆ ಮೂತಿ ಇಟ್ಟು ರಸ್ತೆ ಮೇಲಿನ ತಮ್ಮ ಊಟವನ್ನೇ ನೋಡುತ್ತಿದ್ದವು.

"ಇದ್ರಾಗೆ ಕಾಳೆಲ್ಲೈತೆ ಅತ್ತೆ?" ಎಂದೆ. 

"ಕಾಳು ಸಂಕ್ರಾಂತಿಗೇ ಮನೆ ಸೇರೈತೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸುಮ್ನಿರ್ತಿದ್ದಾ? ಹತ್ತಿದ ಕೂಡ್ಲೇ ಆ ಹುಡುಗಿಗೆ ಒದರಿಬಿಡ್ತಿದ್ದೆ. ನಿನ್ನ ಬಾಯಿ ಎಂಥಾದು ಅಂತ ನಾನು ಬಸ್ ಸ್ಟ್ಯಾಂಡ್ನಾಗೇ ನೋಡಿಲ್ವಾ?" ಎಂದಳು. ಆಮೇಲೆ ಪುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, "ಅದು ಕುರುಡು ಗಾಡಿ. ಮನುಷ್ಯರ ಕೈ ಕಾಣಲ್ಲ, ಹುರುಳಿ ಒಂದು ಕಾಣ್ತೈತೆ. ಇನ್ನೇನು ಮಾಡ್ಲಿ?" ಎಂದಳು.

  ಕುರಿ ಬಾಯಿಂದ ಕಿತ್ತು ನನ್ನ ದಾರಿಗೆ ಹಾಕಿದ್ದಳು, ದಿನಾ ಎರಡು ಹೊತ್ತು. ಆ ಹೊಟ್ಟಿನ ಮಧ್ಯೆಯೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. "ಏಳೇ, ರಸ್ತೆ ಮ್ಯಾಲೆ ಕೂತೀಯ, ಲಾರಿ ಬರ್ತೈತೆ" ಎಂದು ಅತ್ತೆ ಬೈದಳು. ಎದ್ದೆ, ಮೈ ಕೊಡವಿದೆ. ಅವಳೇ ಕೈ ಹಾಕಿ ನನ್ನ ತಲೆಯಿಂದ ಹೊಟ್ಟು ಆರಿಸಿದಳು.

ಒಳಗೆ ಹೋಗಿ ಬುತ್ತಿ ಚೀಲ ಹಿಡಿದು ಬರುವಷ್ಟರಲ್ಲಿ ಬಿಳಿ ಗಾಡಿ ಬಂತು. ನಾನು ಎಷ್ಟೋ ತೂರಿ ಹಾರಿಸಿಬಿಟ್ಟಿದ್ದೆ, ನಾಲ್ಕು ಎಳೆ ಉಳಿದಿದ್ದವು. ನಿಲ್ಲುವುದಿಲ್ಲವೇನೋ ಅಂದುಕೊಂಡೆ. ಗಾಡಿ ನಿಂತಿತು. ಬಾಗಿಲು ತೆರೆಯಿತು. ಅಡಚಣೆ ಇದೆ ಎಂದು ಅದು ಹೇಳಲಿಲ್ಲ.

ಒಳಗೆ ಕೂತು ಇಂಜಿನಿಯರು ಹುಡುಗಿಗೆ ಎಲ್ಲ ಹೇಳಿಬಿಟ್ಟೆ. ಅತ್ತೆ ಹೆದರಿದ್ದು ಸುಳ್ಳಲ್ಲ, ನನ್ನ ಬಾಯಿ ಅಂಥದ್ದೇ. ಅವಳು ನಕ್ಕಳು. "ನನಗೆ ಗೊತ್ತುಂಟು ಅಕ್ಕ. ಮುಂದಿನ ಕ್ಯಾಮೆರಾದಲ್ಲಿ ದಿನಾ ಕಾಣುತ್ತದೆ. ಸಂಜೆ ನಾವು ಇನ್ನೂ ದೂರ ಇರುವಾಗಲೇ ನಿಮ್ಮ ಅತ್ತೆ ಪುಟ್ಟಿ ಹಿಡಿದು ಓಡಿ ಬರ್ತಾರೆ, ಹರಡ್ತಾರೆ, ಮರದ ಹಿಂದೆ ಅಡಗ್ತಾರೆ. ಗಾಡಿ ನಿಂತಾಗೆಲ್ಲ ಅದು ಯಾಕೆ ನಿಂತಿತು ಅಂತ ನಾನು ಪರದೆ ಮೇಲೆ ಒತ್ತಬೇಕು, ಅಡಚಣೆಯಾ ಪ್ರಯಾಣಿಕರಾ ಅಂತ. ಸಂಕ್ರಾಂತಿ ಆದ ಮೇಲೆ ನಾನು ಪ್ರಯಾಣಿಕರು ಅಂತಲೇ ಒತ್ತಿದ್ದು. ನೀವು ಹತ್ತುವುದು ನಿಜ ಅಲ್ವಾ ಮಾರಾಯ್ರೆ?" ಎಂದಳು. ಆಮೇಲೆ ತನ್ನ ಕೈಯಲ್ಲಿದ್ದ ಪರದೆ ತಿರುಗಿಸಿ ತೋರಿಸಿದಳು. ಕೆಂಪು ಚುಕ್ಕೆಗಳ ಸಾಲಿನಲ್ಲಿ ನಮ್ಮ ಬೇವಿನ ಮರದ ಹತ್ತಿರ ಒಂದು ಹೊಸ ಚುಕ್ಕೆ ಇತ್ತು. ಯುಗಾದಿ ಹತ್ತಿರವಾಯಿತೆಂದು ಲೆಕ್ಕ ಮುಗಿಸಿ, ಹಿಂದಿನ ದಿನವೇ ಮೇಲಿನಿಂದ ಒಪ್ಪಿಗೆ ಕೊಟ್ಟಿದ್ದರಂತೆ. ಹೆಸರು ಏನು ಇಡಲಿ ಎಂದು ಕೇಳಿದಳು. ಹುರುಳಿ ಕಣ ಎಂದೆ.

ಸಂಜೆ ಹಿಂದಿರುಗುವಾಗ ಗಾಡಿಯ ಹೆಣ್ಣು ದನಿ ಅದೇ ಪುಸ್ತಕದ ಕನ್ನಡದಲ್ಲಿ, "ಮುಂದಿನ ನಿಲ್ದಾಣ, ಹುರುಳಿ ಕಣ" ಎಂದಿತು. ರಾಂಪುರದ ಹಿರಿಯರು ನನ್ನ ಕಡೆ ತಿರುಗಿ, "ನಿಲ್ಸಪ್ಪ, ಇಲ್ಲಿ ಇಳಿಯೋರು ಅವ್ರೆ" ಎಂದು ಗಾಡಿಗೆ ಹೇಳಿದರು. ಅದು ನಿಂತಿತು. ರಸ್ತೆಯ ಮೇಲೆ ಅತ್ತೆ ಹಾಸಿದ ಹೊಟ್ಟು ಇತ್ತು, ಆದರೆ ಗಾಡಿ ನಿಂತದ್ದು ಅದಕ್ಕಿಂತ ಹಿಂದೆ, ಮರದ ಸರಿ ಎದುರಿಗೆ.

ಮನೆಯೊಳಗೆ ಬುತ್ತಿ ಚೀಲ ಇಳಿಸಿ, ಬಾಡಿಗೆ ಮನೆ ಬೇಡ ಎಂದು ನಮ್ಮನೆಯವರಿಗೆ ಹೇಳಿದೆ. ಸ್ಟಾಪ್ ಬಂತು, ಇನ್ನು ನಾವೆಲ್ಲೂ ಹೋಗುವುದಿಲ್ಲ ಎಂದು ಅತ್ತೆಗೆ ಕೇಳುವಂತೆ ಜೋರಾಗಿ ಹೇಳಿದೆ. ಅತ್ತೆ ಅಡುಗೆ ಮನೆಯಿಂದ ಈಚೆ ಬಂದಳು. ಖುಷಿಯಾಯಿತು ಎಂದು ಹೇಳುತ್ತಾಳೆ ಅಂದುಕೊಂಡೆ. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಮುಖವನ್ನು ಒಂದು ಸಲ, ದೊಡ್ಡಿಯ ಕಡೆ ಒಂದು ಸಲ ನೋಡಿದಳು.

"ಹಂಗಾರೆ ನಾಳೆಯಿಂದ ಹೊಟ್ಟು ಕುರಿಗೆ ಹಾಕ್ಲಾ?" ಎಂದು ಕೇಳಿದಳು.

"ಹಾಕು ಅತ್ತೆ" ಎಂದೆ.

ಅವಳು ಹೂಂ ಎಂದು ದೊಡ್ಡಿಯ ಕಡೆ ಹೊರಟವಳು ಬಾಗಿಲಲ್ಲಿ ನಿಂತಳು. "ಬ್ಯಾಡ, ಇನ್ನೊಂದ್ನಾಲ್ಕು ದಿನ ರಸ್ತೆಗೇ ಹಾಕ್ತೀನಿ. ಮಿಷನ್ನು ಐತೆ, ಮರೆತುಗಿರೆತ್ರೆ ನೀನು ಹೋಗಿಬಿಡ್ತೀಯಾ" ಎಂದಳು.